‘ಹೊಸ ಎಂಜಿನ್ ಅಲ್ವಾ, ಹೀಟ್ ಆಗುತ್ತೆ’ ಅನ್ನುವವರಿಗೆ

ಬೇಸಿಗೆ ಬಂತೆಂದರೆ ಇದೇ ಪತ್ರಗಳು. ಕಾರು ಬೇರೆ, ಬಡಾವಣೆ ಬೇರೆ, ಪ್ರಶ್ನೆ ಮಾತ್ರ ಅದೇ: ಎಂಜಿನ್ ಹೀಟ್ ಆಗುತ್ತೆ, ಏನು ಮಾಡಲಿ? ಅದಕ್ಕೇ ಈ ಸಲ ಒಂದಕ್ಕೆ ಪೂರ್ತಿ ಉತ್ತರ ಬರೆದಿದ್ದೇನೆ. ಉಳಿದವಕ್ಕೆ ಎಷ್ಟು ಬೇಕೋ ಅಷ್ಟು. ರೇಡಿಯೇಟರ್ ಎಲ್ಲಿರುತ್ತದೆ ಅಂತ ಹೇಳಿಕೊಡುತ್ತಾ ಕೂರುವುದಿಲ್ಲ.

ಪ್ರಶ್ನೆ: ನಮ್ಮ ತಾತನ 1997ರ ಮಾರುತಿ 800 ಇದೆ. ಎಂಜಿನ್ ಪೂರ್ತಿ ಬಿಚ್ಚಿಸಿ, ಸವೆದ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿದೆ. ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲಾ ಹೊಸದು. ರಾಜಾಜಿನಗರದಿಂದ ಹೊರಟು ಮೆಜೆಸ್ಟಿಕ್ ಮುಟ್ಟುವಷ್ಟರಲ್ಲಿ ಹೀಟ್ ಮುಳ್ಳು ಕೆಂಪಿಗೆ ಬರುತ್ತದೆ. ‘ಹೊಸ ಎಂಜಿನ್ ಸಾರ್, ಟೈಟ್ ಇದೆ, ಸಾವಿರ ಕಿಲೋಮೀಟರ್ ಓಡಿಸಿ’ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್‌ಗೆ ನೀರು ಬಿಡುವ ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಅಂತ ಇನ್ನೊಬ್ಬರು. ಏನು ಮಾಡಲಿ?

ಉತ್ತರ: ಮೊದಲು ಕಾರು ಓಡಿಸುವುದನ್ನು ನಿಲ್ಲಿಸಿ. ಗ್ಯಾರೇಜಿಗೆ ಒಯ್ಯುವುದಿದ್ದರೂ ಟೋ ಮಾಡಿಸಿ. ನಾನು ಜಾಸ್ತಿ ಹೆದರಿಸುತ್ತೇನೆ ಅಂತ ಕೆಲವರಿಗೆ ಕೋಪ. ಇರಲಿ. ಒಂದೇ ಒಂದು ಸಲ ಚೆನ್ನಾಗಿ ಕಾದರೆ ಸಾಕು, ಸಿಲಿಂಡರ್‌ಗಳ ಮೇಲೆ ಮುಚ್ಚಳದಂತೆ ಕೂರುವ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ, ಹೊಸ ಪಿಸ್ಟನ್ ಗೀರು ಬೀಳುತ್ತದೆ. ಆಮೇಲೆ ಇದೇ ಖರ್ಚು ಇನ್ನೊಂದು ಸಲ.

‘ಟೈಟ್’ ಅನ್ನುವ ಮಾತಿನಲ್ಲಿ ಕಾಲು ಭಾಗ ನಿಜ. ಹೊಸ ರಿಂಗಿಗೆ ಉಜ್ಜಾಟ ಜಾಸ್ತಿ, ಮುಳ್ಳು ಶುರುವಿನಲ್ಲಿ ಸ್ವಲ್ಪ ಮೇಲೆ ನಿಲ್ಲಬಹುದು. ಕೆಂಪಿಗೆ ಮಾತ್ರ ಹೋಗಬಾರದು. ಕಾರು ಕುದಿಸುವಷ್ಟು ಬಿಗಿಯಾಗಿದ್ದರೆ ಸ್ಟಾರ್ಟರ್‌ಗೆ ಎಂಜಿನ್ ತಿರುಗಿಸುವುದೇ ಕಷ್ಟವಾಗುತ್ತಿತ್ತು. ಹಾಗೇನೂ ಆಗುತ್ತಿಲ್ಲವಾದರೆ ಸಾವಿರ ಕಿಲೋಮೀಟರ್ ಕಥೆ ಬಿಡಿ. ಬಿಚ್ಚಿ ಜೋಡಿಸಿದ ಎಂಜಿನ್ನಿನಲ್ಲಿ ಕೈ ಬಿದ್ದ ಜಾಗಗಳನ್ನೇ ಮೊದಲು ಅನುಮಾನಿಸಬೇಕು.

ಯಾವಾಗ ಹೀಟ್ ಆಗುತ್ತದೆ ಅಂತ ನೀವು ಬರೆದಿಲ್ಲ. ಯಾರೂ ಬರೆಯುವುದಿಲ್ಲ! ಸಿಗ್ನಲ್‌ನಲ್ಲಿ ನಿಂತಾಗ ಏರಿ, ಓಡುವಾಗ ಇಳಿದರೆ ಫ್ಯಾನ್ ಕಡೆ ನೋಡಿ. ಓಡುವಾಗಲೇ ಏರಿದರೆ ನೀರು ಸರಿಯಾಗಿ ಸುತ್ತುತ್ತಿಲ್ಲ: ಪಂಪು, ಬೆಲ್ಟು, ಕಟ್ಟಿಕೊಂಡ ರೇಡಿಯೇಟರ್. ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೆ ಏರಿದರೆ ಏರ್ ಲಾಕ್, ಥರ್ಮೋಸ್ಟಾಟ್, ಇಲ್ಲವೇ ಹೆಡ್ ಕೆಳಗೆ ಸೀಲ್ ಆಗಿ ಕೂರುವ ಹೆಡ್ ಪ್ಯಾಕಿಂಗ್.

ಫ್ಯಾನ್ ತಿರುಗುತ್ತಿದೆ ಅಂದ ಮಾತ್ರಕ್ಕೆ ಸರಿ ಇದೆ ಅಂತಲ್ಲ. ಎಂಜಿನ್ ಇಳಿಸುವಾಗ ಬಿಚ್ಚಿದ ಎರಡು ವೈರ್ ಅದಲುಬದಲಾದರೆ ಮೋಟರ್ ಉಲ್ಟಾ ತಿರುಗುತ್ತದೆ. ಮುಂದಿನಿಂದ ಗಾಳಿ ಎಳೆಯಬೇಕಾದ್ದು ಎಂಜಿನ್ನಿನ ಬಿಸಿಯನ್ನು ವಾಪಸ್ ರೇಡಿಯೇಟರ್‌ಗೇ ಊದುತ್ತದೆ. ಫ್ಯಾನ್ ಓಡುವಾಗ ಗ್ರಿಲ್ ಮುಂದೆ ನ್ಯೂಸ್‌ಪೇಪರ್‌ನ ಅರ್ಧ ಹಾಳೆ ಹಿಡಿಯಿರಿ. ಗ್ರಿಲ್‌ಗೆ ಅಂಟಿಕೊಂಡರೆ ಸರಿ. ನಿಮ್ಮ ಕಡೆಗೆ ಹಾರಿದರೆ ವೈರ್ ಬದಲಿಸಿ. ಖರ್ಚಿಲ್ಲದ ಪರೀಕ್ಷೆ, ಆದರೂ ಯಾರೂ ಮಾಡುವುದಿಲ್ಲ.

ಇನ್ನು ಏರ್ ಲಾಕ್. ಖಾಲಿ ಎಂಜಿನ್ನಿಗೆ ಒಂದೇ ಉಸಿರಿಗೆ ಬಕೆಟ್ ನೀರು ಸುರಿದರೆ ಮೂಲೆಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಅಷ್ಟು ಜಾಗದಲ್ಲಿ ಲೋಹಕ್ಕೆ ನೀರೇ ತಾಗುವುದಿಲ್ಲ. ಎಂಜಿನ್ ಪೂರ್ತಿ ತಣ್ಣಗಿರುವಾಗ ಕಾರಿನ ಮೂತಿ ಎತ್ತರದಲ್ಲಿರುವಂತೆ ನಿಲ್ಲಿಸಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ. ಕೂಲೆಂಟನ್ನು ನಿಧಾನಕ್ಕೆ ತುಂಬಿಸಿ, ಕ್ಯಾಪ್ ಹಾಕದೆ ಸ್ಟಾರ್ಟ್ ಮಾಡಿ, ಐಡಲ್‌ನಲ್ಲಿ ಬಿಡಿ. ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ತುಂಬಿಸಿ. ಮೇಲಿನ ಹೋಸ್ ಬಿಸಿಯಾಗಿ ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ. ಆಮೇಲೆ ಫ್ಯಾನ್ ತಾನಾಗಿ ಶುರುವಾಗುತ್ತಾ ನೋಡಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಇನ್ನೊಮ್ಮೆ ಮಟ್ಟ ನೋಡಿ. ಓಡುವಾಗ ಕೆಂಪಿನಲ್ಲಿದ್ದ ಮುಳ್ಳು ದಿಢೀರ್ ಅಂತ ಕೆಳಗಿಳಿದರೆ ಖುಷಿಪಡಬೇಡಿ. ಸೆನ್ಸರ್ ಸುತ್ತ ನೀರೇ ಖಾಲಿಯಾಗಿರಬಹುದು.

ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಅಂದವರಿಗೆ ಅದರ ಕೆಲಸವೇ ಗೊತ್ತಿಲ್ಲ. ಕೆಲವು ಎಂಜಿನ್‌ಗಳಲ್ಲಿ ಅದು ಬಾಯಿ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂಥದ್ದರಲ್ಲಿ ಕಿತ್ತರೆ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ, ಹೀಟ್ ಇನ್ನೂ ಜಾಸ್ತಿ. ಉಳಿದವುಗಳಲ್ಲಿ ಎಂಜಿನ್ ಬೆಚ್ಚಗಾಗಲು ತುಂಬಾ ಹೊತ್ತು ಬೇಕು. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಹೊಸ ಬೋರು ಬೇಗ ಸವೆಯುತ್ತದೆ. ಅನುಮಾನವಿದ್ದರೆ ಅದನ್ನು ದಾರದಲ್ಲಿ ಕಟ್ಟಿ ಕುದಿಯುವ ನೀರಿನಲ್ಲಿ ಇಳಿಬಿಡಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 82 ಡಿಗ್ರಿ ಅಂತ ಬರೆದಿರುವ ಥರ್ಮೋಸ್ಟಾಟ್ ಬಾಯಿ ಬಿಡಲು ಅಷ್ಟು ಧಾರಾಳವಾಗಿ ಸಾಕು. ಬಿಡದಿದ್ದರೆ ಹೊಸದು ತನ್ನಿ. ಕೂರಿಸುವಾಗ ಸ್ಪ್ರಿಂಗ್ ಎಂಜಿನ್ ಕಡೆಗೆ ಇರಲಿ. ಅಂಚಿನಲ್ಲಿ ಅಲ್ಲಾಡುವ ಪುಟ್ಟ ಪಿನ್ ಇದ್ದರೆ ಅದು ಮೇಲಕ್ಕೆ ಬರಲಿ, ಗಾಳಿ ಹೊರಹೋಗುವುದೇ ಅಲ್ಲಿಂದ.

ಇಷ್ಟಾದರೂ ಗುಳ್ಳೆ ನಿಲ್ಲದಿದ್ದರೆ, ಅಥವಾ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ, ಸಿಲಿಂಡರ್‌ನ ಗ್ಯಾಸ್ ನೀರಿಗೆ ಸೇರುತ್ತಿದೆ. ಇದಕ್ಕೆ ನೀಲಿ ದ್ರವದ ಪರೀಕ್ಷೆ ಇದೆ: ರೇಡಿಯೇಟರ್ ಬಾಯಿಯ ಗಾಳಿ ಎಳೆದಾಗ ಅದು ಹಳದಿಯಾದರೆ ಹೆಡ್ ಬಿಚ್ಚಲೇಬೇಕು. ಆಗ ಮೆಕ್ಯಾನಿಕ್ ಬಳಿ ಮೂರು ವಿಷಯ ಕೇಳಿ. ಹೆಡ್ ಫೇಸಿಂಗ್, ಅಂದರೆ ಅದರ ತಳ ಸಮತಟ್ಟು, ಮಾಡಿಸಿದ್ದೀರಾ? ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಹಂತಹಂತವಾಗಿ, ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಬಿಗಿದಿದ್ದೀರಾ? ಪ್ಯಾಕಿಂಗ್‌ನಲ್ಲಿ ‘ಟಾಪ್’ ಅಂತ ಅಚ್ಚಾದ ಬದಿ ಮೇಲಿತ್ತಾ? ಅದು ಉಲ್ಟಾ ಕೂತರೆ ನೀರಿನ ತೂತುಗಳೇ ಮುಚ್ಚಿಹೋಗಬಹುದು. ‘ಕೈ ಅಳತೆಯಲ್ಲೇ ಬಿಗಿದೆ ಸಾರ್, ಇಪ್ಪತ್ತು ವರ್ಷದ ಸರ್ವಿಸ್’ ಅಂತ ಉತ್ತರ ಬಂದರೆ ಉಳಿದ ಎರಡನ್ನು ಕೇಳುವುದೇ ಬೇಡ.

ಕೊನೆಗೆ, ನಿಮ್ಮದು ಕಾರ್ಬುರೇಟರ್ ಗಾಡಿ. ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿಯೇ ಇರುತ್ತಾರೆ. ಕಿಡಿ ತಡವಾಗಿ ಬಿದ್ದರೂ ಎಂಜಿನ್ ಕಾಯುತ್ತದೆ, ಪಿಕಪ್ಪೂ ಸಾಯುತ್ತದೆ. ಕಿವಿಯಲ್ಲಿ ಕೇಳಿ ಟೈಮಿಂಗ್ ಇಡುವವರ ಹತ್ತಿರ ಹೋಗಬೇಡಿ, ಟೈಮಿಂಗ್ ಲೈಟ್ ಇರುವ ಕಡೆ ಹೋಗಿ.

ಪ್ರಶ್ನೆ: ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕಿದರೆ ಲೀಕ್ ನಿಲ್ಲುತ್ತಂತೆ, ಹೌದಾ?

ಉತ್ತರ: ಅರಿಶಿನ ಸಾರಿಗೆ ಹಾಕಿ.

ಪ್ರಶ್ನೆ: ಬೆಂಗಳೂರಲ್ಲಿ ಹಿಮ ಬೀಳಲ್ಲ, ಕೂಲೆಂಟ್ ಯಾಕೆ? ಬೋರ್‌ವೆಲ್ ನೀರು ಸಾಲದಾ?

ಉತ್ತರ: ನಿಮ್ಮ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟಿದೆಯಲ್ಲ, ಅದೇ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಕೂಲೆಂಟ್ ಇರುವುದು ಹಿಮಕ್ಕೆ ಮಾತ್ರ ಅಲ್ಲ, ತುಕ್ಕು ತಡೆಯುವುದಕ್ಕೆ, ಕುದಿಯುವ ಮಟ್ಟ ಏರಿಸುವುದಕ್ಕೆ ಕೂಡ. ಬೆರೆಸಲು ಡಿಸ್ಟಿಲ್ಡ್ ವಾಟರ್ ತನ್ನಿ.

ಪ್ರಶ್ನೆ: ಹಸಿರು ಕೂಲೆಂಟಾ, ಕೆಂಪಾ?

ಉತ್ತರ: ಬಣ್ಣ ನೋಡಿ ಕೊಳ್ಳಬೇಡಿ. ಕಾರಿನ ಪುಸ್ತಕದಲ್ಲಿ ಹೇಳಿದ್ದನ್ನು ತನ್ನಿ.

ಪ್ರಶ್ನೆ: ನಂದಿ ಬೆಟ್ಟ ಹತ್ತುವಾಗ ಕುದಿಯಿತು. ಅಲ್ಲೇ ಕ್ಯಾಪ್ ತೆಗೆದು ತಣ್ಣೀರು ಹಾಕಬಹುದಾ?

ಉತ್ತರ: ಮುಖ ಬೇಯಿಸಿಕೊಂಡವರನ್ನು ನೋಡಿದ್ದೇನೆ. ಎಂಜಿನ್ ಆಫ್ ಮಾಡಿ, ಮುಕ್ಕಾಲು ಗಂಟೆ ಕಾಯಿರಿ. ಹೋಸ್ ಅದುಮಿದರೆ ಮೆತ್ತಗಿರಬೇಕು, ಅಲ್ಲಿಯವರೆಗೆ ಕ್ಯಾಪ್ ಮುಟ್ಟಬೇಡಿ.

ಪ್ರಶ್ನೆ: ಎಂಜಿನ್ ಕೆಲಸಕ್ಕೆ ಒಳ್ಳೆಯ ಗ್ಯಾರೇಜ್ ಹೆಸರು ಹೇಳಿ.

ಉತ್ತರ: ಹೇಳುವುದಿಲ್ಲ. ಹೋದ ಕಡೆ ಟಾರ್ಕ್ ರೆಂಚ್ ತೋರಿಸಿ ಅಂತ ಕೇಳಿ. ನಕ್ಕರೆ ಕಾರು ವಾಪಸ್ ತನ್ನಿ.