ಯುಎಸ್‌ಬಿ ಡ್ಯಾಕ್‌ಗೆ ಲೀನಿಯರ್ ಪವರ್ ಸಪ್ಲೈ ಹಾಕಿದರೆ ಗುಂಯ್ ಸದ್ದು ಹೋಗುತ್ತದಾ?

ಲ್ಯಾಪ್‌ಟಾಪ್, ಅದಕ್ಕೊಂದು ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಹಾಡನ್ನು ಆಡಿಯೋ ಸಿಗ್ನಲ್ ಮಾಡುವ ಪೆಟ್ಟಿಗೆ), ಡ್ಯಾಕ್‌ಗೆ ಪ್ರತ್ಯೇಕ 5 ವೋಲ್ಟ್ ಅಡಾಪ್ಟರ್, ಅಲ್ಲಿಂದ ಆರ್‌ಸಿಎ ಕೇಬಲ್‌ನಲ್ಲಿ ಮೂರು ಪಿನ್ನಿನ ಆಂಪ್ಲಿಫೈಯರ್. ಮೌಸ್ ಆಡಿಸಿದರೆ ಸ್ಪೀಕರ್ ಚಿರ್ರ್ ಎನ್ನುತ್ತದೆ, ಅಂಗಡಿಯವರು ಲೀನಿಯರ್ ಸಪ್ಲೈ (ಟ್ರಾನ್ಸ್‌ಫಾರ್ಮರ್, ರೆಗ್ಯುಲೇಟರ್ ಇರುವ, ಸ್ವಿಚಿಂಗ್ ಇಲ್ಲದ್ದು) ತಗೊಳ್ಳಿ ಅಂತಿದ್ದಾರೆ ಎಂದು ಬರೆದಿದ್ದೀರಿ. ಸದ್ಯಕ್ಕೆ ತಗೊಳ್ಳಬೇಡಿ. ಮೌಸ್ ಜೊತೆ ಬದಲಾಗುವ ಸದ್ದು ಲ್ಯಾಪ್‌ಟಾಪ್ ಕಡೆಯದು. ಡ್ಯಾಕ್‌ನ ಅಡಾಪ್ಟರ್ ಬದಲಿಸಿದರೆ ಅದು ಹೋಗುವ ಸಾಧ್ಯತೆ ಕಡಿಮೆ.

ಲ್ಯಾಪ್‌ಟಾಪ್ ಚಾರ್ಜರ್, ಡ್ಯಾಕ್ ಅಡಾಪ್ಟರ್ ಎರಡೂ ಸಾಮಾನ್ಯವಾಗಿ ಎಸ್‌ಎಂಪಿಎಸ್, ಅಂದರೆ ಸ್ವಿಚಿಂಗ್ ಸಪ್ಲೈ. ಅದು ಮೊದಲು 230 ವೋಲ್ಟನ್ನು ಸುಮಾರು 325 ವೋಲ್ಟ್ ಡಿಸಿ ಮಾಡಿಕೊಂಡು, ಅದನ್ನು ಸೆಕೆಂಡಿಗೆ ಲಕ್ಷದ ಆಸುಪಾಸು ಸಲ ಕತ್ತರಿಸುತ್ತದೆ. ಆ ವೇಗದ ಸದ್ದು ಕಿವಿಗೆ ಕೇಳುವುದೇ ಇಲ್ಲ, ಸಣ್ಣ ಕಾಯಿಲ್ ಮತ್ತು ಕೆಪಾಸಿಟರ್‌ನಲ್ಲಿ ಸೋಸಲೂಬಹುದು. ಕಾಟ ಕೊಡುವುದು ಪ್ರೈಮರಿ (ಮೇನ್ಸ್ ಕಡೆ), ಸೆಕೆಂಡರಿ (ಔಟ್‌ಪುಟ್ ಕಡೆ) ನಡುವೆ ಕೂರಿಸಿರುವ 1ರಿಂದ 2.2 ನ್ಯಾನೋಫ್ಯಾರಡ್‌ನ ವೈ-ಕೆಪಾಸಿಟರ್. ಅದರ ಮೂಲಕ ಮೇನ್ಸ್‌ನ ಒಂದಿಷ್ಟು ಕರೆಂಟ್ ಸೋರುತ್ತದೆ. ಎರಡು ಪಿನ್ನಿನ ಚಾರ್ಜರ್ ಹಾಕಿದಾಗ ಲೋಹದ ಲ್ಯಾಪ್‌ಟಾಪ್ ಮೇಲೆ ಬೆರಳು ಸವರಿದರೆ ಜುಮ್ ಅನ್ನುತ್ತದಲ್ಲ, ಅದೇ ಇದು. ಚಾರ್ಜರ್ ಮೂರು ಪಿನ್ನಿನದಾದರೆ ಬೇರೆ ತೊಡಕು: ಲ್ಯಾಪ್‌ಟಾಪ್‌ಗೂ ಆಂಪ್ಲಿಫೈಯರ್‌ಗೂ ಅರ್ಥ್ ಸಿಕ್ಕಿ ಗ್ರೌಂಡ್ ಲೂಪ್ (ಅರ್ಥ್ ಮತ್ತು ಕೇಬಲ್‌ಗಳ ಮೂಲಕ ಕರೆಂಟ್ ಸುತ್ತುವ ದಾರಿ) ಆಗುತ್ತದೆ. ಎರಡರಲ್ಲೂ ಕರೆಂಟ್ ಹಾದುಹೋಗುವುದು ಆರ್‌ಸಿಎ ಕೇಬಲ್‌ನ ಶೀಲ್ಡ್ (ಹೊರಗಿನ ಗ್ರೌಂಡ್ ಹೆಣಿಗೆ) ಮೇಲೆ. ಶೀಲ್ಡ್, ಕನೆಕ್ಟರ್ ಸೇರಿ 0.1 ಓಮ್ ಇದ್ದು ಲೂಪ್‌ನಲ್ಲಿ 10 ಮಿಲಿಆಂಪ್ ಹರಿದರೆ 1 ಮಿಲಿವೋಲ್ಟ್ ಆಯಿತು. ಡ್ಯಾಕ್‌ನ 2 ವೋಲ್ಟ್ ಸಿಗ್ನಲ್‌ಗಿಂತ ಅದು 66 ಡೆಸಿಬಲ್ ಮಾತ್ರ ಕೆಳಗೆ. ಹಾಡು ನಿಂತಾಗ ಚೆನ್ನಾಗಿಯೇ ಕೇಳುತ್ತದೆ. ಡ್ಯಾಕ್‌ಗೆ ಎಷ್ಟೇ ಒಳ್ಳೆ ಸಪ್ಲೈ ಹಾಕಿ, ಯುಎಸ್‌ಬಿ ಕೇಬಲ್‌ನ ಗ್ರೌಂಡ್ ತಂತಿ ಈ ದಾರಿಯನ್ನು ತೆರೆದೇ ಇಡುತ್ತದೆ.

ಮೊದಲು ಚಾರ್ಜರ್ ಕಿತ್ತು ಲ್ಯಾಪ್‌ಟಾಪ್ ಅನ್ನು ಬ್ಯಾಟರಿಯಲ್ಲಿ ಓಡಿಸಿ ಕೇಳಿ. ಆಮೇಲೆ ಚಾರ್ಜರ್ ಮತ್ತೆ ಹಾಕಿ, ಡ್ಯಾಕ್ ಅಡಾಪ್ಟರ್ ತೆಗೆದು ಅಲ್ಲಿ 5 ವೋಲ್ಟ್ ಪವರ್ ಬ್ಯಾಂಕ್ ಕೊಡಿ. ಪವರ್ ಬ್ಯಾಂಕ್ ಒಳಗೂ ಇರುವುದು ಸ್ವಿಚಿಂಗ್ ಕನ್ವರ್ಟರೇ, ಆದರೆ ಅದಕ್ಕೆ ಮೇನ್ಸ್ ಜೊತೆ ಸಂಬಂಧವಿಲ್ಲ. ಎರಡರಲ್ಲೂ ಸದ್ದು ಹಾಗೇ ಇದ್ದರೆ ಆಂಪ್ಲಿಫೈಯರ್ ಕಡೆ ನೋಡಿ. ಅರ್ಥ್ ಪಿನ್ ಕತ್ತರಿಸುವ ಉಪಾಯವನ್ನು ಮಾತ್ರ ಯಾರು ಹೇಳಿದರೂ ಕೇಳಬೇಡಿ, ಒಳಗೆ ಇನ್ಸುಲೇಶನ್ ಹೋದ ದಿನ ಆಂಪ್ಲಿಫೈಯರ್ ಡಬ್ಬಿಯೇ ಲೈವ್ ಆಗುತ್ತದೆ.

ಬ್ಯಾಟರಿಯಲ್ಲಿ ಸದ್ದು ನಿಂತರೆ ಮದ್ದು ಯುಎಸ್‌ಬಿ ಐಸೊಲೇಟರ್ (ಡೇಟಾ ಸಾಗಿಸಿಯೂ ಗ್ರೌಂಡ್ ಕಡಿಯುವ ಡಬ್ಬಿ), ಇಲ್ಲವೇ ಆಪ್ಟಿಕಲ್ ಕೇಬಲ್. ಆಪ್ಟಿಕಲ್‌ನಲ್ಲಿ ತಾಮ್ರವೇ ಇಲ್ಲ, ಲ್ಯಾಪ್‌ಟಾಪ್‌ನಲ್ಲಿ ಆ ಔಟ್‌ಪುಟ್ ಇದ್ದರೆ ಅದೇ ಸುಲಭ. ಅಗ್ಗದ ಐಸೊಲೇಟರ್‌ಗಳಲ್ಲಿ ಹೆಚ್ಚಾಗಿ ಎಡಿಯುಎಂ3160 ಚಿಪ್ ಇರುತ್ತದೆ. ಅದರ ಮಿತಿ ಸೆಕೆಂಡಿಗೆ 12 ಮೆಗಾಬಿಟ್, ಅಂದರೆ 24 ಬಿಟ್, 96 ಕಿಲೋಹರ್ಟ್ಸ್ ಆಡಿಯೋ ತನಕ. ಇದಕ್ಕಿಂತ ವೇಗದ ಹೈ-ಸ್ಪೀಡ್ ಯುಎಸ್‌ಬಿ ಮಾತ್ರ ಬಲ್ಲ ಡ್ಯಾಕ್ ಅದರಲ್ಲಿ ಏಳುವುದೇ ಇಲ್ಲ. ಐಸೊಲೇಟರ್ ಒಳಗಿನ 1 ವ್ಯಾಟ್ ಪವರ್ ಮಾಡ್ಯೂಲ್ 200 ಮಿಲಿಆಂಪ್‌ಗಿಂತ ಹೆಚ್ಚು ಕೊಡದು, ಆದ್ದರಿಂದ ಡ್ಯಾಕ್‌ನ ಅಡಾಪ್ಟರ್ ಹಾಗೇ ಇರಲಿ.

ಪವರ್ ಬ್ಯಾಂಕ್ ಹಾಕಿದಾಗ ಮಾತ್ರ ಸದ್ದು ನಿಂತರೆ ಅಡಾಪ್ಟರ್‌ದೇ ತಪ್ಪು. ಆಗ ಲೀನಿಯರ್ ಅರ್ಥಪೂರ್ಣ, ಮೇನ್ಸ್ ವೈರಿಂಗ್ ಗೊತ್ತಿದ್ದರೆ ಮನೆಯಲ್ಲೇ ಮಾಡಬಹುದು. 5 ವೋಲ್ಟ್, 1 ಆಂಪ್‌ಗೆ 9 ವೋಲ್ಟ್ 2 ಆಂಪ್ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್), 4700 ಮೈಕ್ರೋಫ್ಯಾರಡ್ ಕೆಪಾಸಿಟರ್, 7805 (5 ವೋಲ್ಟ್ ರೆಗ್ಯುಲೇಟರ್ ಚಿಪ್), ಪ್ರೈಮರಿಯಲ್ಲಿ 200 ಮಿಲಿಆಂಪ್ ಸ್ಲೋ-ಬ್ಲೋ ಫ್ಯೂಸ್. 9 ವೋಲ್ಟ್ ಎಸಿಯ ಪೀಕ್ 12.7, ಡಯೋಡ್‌ಗಳಲ್ಲಿ 1.4 ಹೋಗಿ 11.3 ಉಳಿಯುತ್ತದೆ. ಪೂರ್ತಿ 1 ಆಂಪ್ ಎಳೆದಾಗ 100 ಹರ್ಟ್ಸ್ ರಿಪ್ಪಲ್ (ಡಿಸಿಯ ಏರಿಳಿತ) 2 ವೋಲ್ಟ್ ದಾಟುತ್ತದೆ, ಆದರೂ 7805ಗೆ ಬೇಕಾದ 7 ವೋಲ್ಟ್‌ಗೆ ಕೊರತೆಯಿಲ್ಲ, ಮೇನ್ಸ್ ಹತ್ತು ಪರ್ಸೆಂಟ್ ಇಳಿದರೂ. ಉಳಿದ ಸುಮಾರು 5 ವ್ಯಾಟ್ ಬಿಸಿಯಾಗುತ್ತದೆ, ಹೀಟ್‌ಸಿಂಕ್ ಕಡ್ಡಾಯ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೈಗೆ ಸಿಗುವುದು ಹೆಚ್ಚಾಗಿ 9-0-9, ಅಂದರೆ ಮಧ್ಯದ ತಂತಿಯಿಂದ ಎರಡೂ ತುದಿಗೆ 9 ವೋಲ್ಟ್ ಇರುವ ಟ್ರಾನ್ಸ್‌ಫಾರ್ಮರ್. ಅದರ ಎರಡು ತುದಿಗಳನ್ನು ಬ್ರಿಡ್ಜ್‌ಗೆ ಕೊಟ್ಟರೆ 18 ವೋಲ್ಟ್ ಎಸಿಯಾಗಿ, ಡಿಸಿ 24 ತಲುಪುತ್ತದೆ. 16 ವೋಲ್ಟಿನ ಕೆಪಾಸಿಟರ್ ಉಬ್ಬಿ ಒಡೆಯುತ್ತದೆ. ಮಧ್ಯದ ತಂತಿ ಮತ್ತು ಒಂದು ತುದಿ ಸಾಕು, ಇನ್ನೊಂದು ತುದಿಗೆ ಸ್ಲೀವ್ ಹಾಕಿ. ಲೋಡ್ ಇಲ್ಲದಾಗ ಸಣ್ಣ ಟ್ರಾನ್ಸ್‌ಫಾರ್ಮರ್‌ಗಳ ವೋಲ್ಟೇಜ್ ಏರುವುದರಿಂದ ಕೆಪಾಸಿಟರ್ 25 ವೋಲ್ಟಿನದೇ ಇರಲಿ.

ಸಪ್ಲೈ ಡಬ್ಬಿಯನ್ನು ಡ್ಯಾಕ್ ಪಕ್ಕ ಇಡಬೇಡಿ, ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರವೇ 50 ಹರ್ಟ್ಸ್ ಗುಂಯ್ ತರಬಲ್ಲದು. ಒಂದು ಅಡಿ ದೂರ ಸಾಕು. ಡ್ಯಾಕ್‌ಗೆ ಚುಚ್ಚುವ ಮುಂಚೆ ಪ್ಲಗ್‌ನ ಒಳಭಾಗ ಪ್ಲಸ್ಸೋ ಮೈನಸ್ಸೋ ಮಲ್ಟಿಮೀಟರ್‌ನಲ್ಲಿ ನೋಡಿ, ಹಳೆ ಅಡಾಪ್ಟರ್ ಮೇಲಿನ ಚಿತ್ರಕ್ಕೆ ಹೋಲಿಸಿಕೊಳ್ಳಿ.