ಇಳಿಸಿದ ಹಳೇ ಜೀಪಿಗೆ ಮುಂದೆ ಯಾವ ಶಾಕ್ ಅಬ್ಸಾರ್ಬರ್?

ಪ್ರಶ್ನೆ: ನಮ್ಮದು ಹಳೇ ಮಹೀಂದ್ರ ಸಿಜೆ 3ಬಿ. ಮುಂದಿನ ಲೀಫ್ ಸ್ಪ್ರಿಂಗ್‌ಗಳ ಕಮಾನು ತಗ್ಗಿಸಿ 2 ಇಂಚು ಇಳಿಸಿದ್ದೇವೆ. ತೋಟದ ರಸ್ತೆಯ ಗುಂಡಿಗೆ ಬಿದ್ದರೆ ಕಬ್ಬಿಣ ಬಡಿದಂತೆ ಸದ್ದು. ಹೆವಿ ಡ್ಯೂಟಿ ಶಾಕ್ ಹಾಕಿಸಬೇಕೇ?
– ಓದುಗರು, ಸೋಮವಾರಪೇಟೆ

ಉತ್ತರ: ಬೇಡ. ನಿಮ್ಮ ಜೀಪಿಗೆ ಬೇಕಿರುವುದು ಗಿಡ್ಡ ಶಾಕ್, ಗಟ್ಟಿ ಶಾಕ್ ಅಲ್ಲ. ಭಾರ ಹೊರುವುದು ಲೀಫ್ ಸ್ಪ್ರಿಂಗ್. ಅದರ ಕುಣಿತ ತಡೆಯುವುದಷ್ಟೇ ಶಾಕ್‌ನ ಕೆಲಸ. ಜೀಪು 50 ಮಿ.ಮೀ. ಇಳಿದರೆ ಹಳೇ ಶಾಕ್ ನಿಂತಲ್ಲೇ ಹೆಚ್ಚುಕಡಿಮೆ ಅಷ್ಟು ಒಳಗೆ ಹೋಗಿರುತ್ತದೆ. ಗುಂಡಿ ಸಿಕ್ಕಾಗ ಪಿಸ್ಟನ್ ತಳಕ್ಕೆ ಹೊಡೆಯುತ್ತದೆ. ಹಾಗೇ ಓಡಿಸಿದರೆ ಶಾಕ್ ತುದಿಯ ರಬ್ಬರ್ ಬುಷ್ ಹರಿಯುತ್ತದೆ, ತಳದ ವಾಲ್ವ್ ಕೆಡುತ್ತದೆ, ಚಾಸಿಯ ಬ್ರಾಕೆಟ್ ಕೂಡ ಬಿರುಕು ಬಿಡಬಹುದು.

ಮೊದಲು ಖಾತ್ರಿ ಮಾಡಿಕೊಳ್ಳಿ. ಆಕ್ಸಲ್ ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿನ ತುದಿಗೆ ಗ್ರೀಸ್ ಹಚ್ಚಿ ಅದೇ ರಸ್ತೆಯಲ್ಲಿ ಹೋಗಿಬನ್ನಿ. ಸದ್ದು ಬಂದೂ ರಬ್ಬರು ಬಡಿಯುವ ಜಾಗದಲ್ಲಿ ಗ್ರೀಸ್ ಕಲೆ ಇಲ್ಲವೆಂದರೆ, ರಬ್ಬರಿಗಿಂತ ಮೊದಲೇ ಶಾಕ್ ಮುಗಿಯುತ್ತಿದೆ ಎಂದು ಅನುಮಾನಿಸಬಹುದು. ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಕೂಡ ನೋಡಿ: ಕಮಾನು ತಗ್ಗಿದಾಗ ಸ್ಪ್ರಿಂಗ್ ಉದ್ದವಾಗಿ, ಶ್ಯಾಕಲ್ ಮಲಗಿ ಚಾಸಿಗೆ ತಾಗುವುದುಂಟು.

ಇನ್ನು ಅಳತೆ. ಎಂದಿನ ಲೋಡಿನಲ್ಲಿ, ಸಮತಟ್ಟು ನೆಲದಲ್ಲಿ, ಶಾಕ್‌ನ ಮೇಲಿನ ಪಿನ್ನಿನಿಂದ ಕೆಳಗಿನ ಪಿನ್ನಿಗೆ ಅಳೆಯಿರಿ. 330 ಮಿ.ಮೀ. ಬಂತೆನ್ನಿ. ಬಂಪ್ ಸ್ಟಾಪಿನ ಕೆಳಗೆ 50 ಜಾಗ, ರಬ್ಬರು ಅದುಮಿಕೊಳ್ಳುವುದು 15; ಅಂದರೆ ಪೂರ್ತಿ ಕೂತಾಗ 265. ಇನ್ನೂ 15 ಬಿಡುವು ಕಳೆದರೆ 250. ಶಾಕ್ ಮುಚ್ಚಿದಾಗಿನ ಉದ್ದ ಇದನ್ನು ಮೀರಕೂಡದು. ಬಳಿಕ ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಶಾಕ್ ಬಿಚ್ಚಿ, ಆಕ್ಸಲ್ ಜೋತುಬಿಡಿ. ಆಗ 375 ಬಂದರೆ, ತೆರೆದ ಉದ್ದ ಕನಿಷ್ಠ 390 ಇರಲಿ. ಅಂಗಡಿಯಲ್ಲಿ ಗಾಡಿಯ ಹೆಸರು ಹೇಳಬೇಡಿ, ಈ ಎರಡು ಅಂಕಿ ಹೇಳಿ. ಹೆಸರು ಹೇಳಿದರೆ ಇಳಿಸದ ಜೀಪಿನ ಶಾಕೇ ಕೈಗೆ ಬರುತ್ತದೆ.

ಎರಡೂ ಹೊಂದುವುದು ಸಿಗದಿದ್ದರೆ ಶಾಕ್‌ನ ಮೇಲಿನ ಬ್ರಾಕೆಟ್ಟನ್ನು, ಜೀಪು ಇಳಿಸಿದಷ್ಟೇ, 50 ಮಿ.ಮೀ., ಮೇಲಕ್ಕೆ ಏರಿಸಿ ಚೆನ್ನಾಗಿ ವೆಲ್ಡ್ ಮಾಡಿಸಿ. ಹಳೇ ಅಳತೆಯ ಶಾಕೇ ನಡೆಯುತ್ತದೆ. ಜಾಗಕ್ಕಾಗಿ ಬಂಪ್ ಸ್ಟಾಪ್ ಕತ್ತರಿಸುವ ಕೆಲಸ ಮಾತ್ರ ದಯವಿಟ್ಟು ಬೇಡ. ಆಮೇಲೆ ಪ್ರತಿ ಪೆಟ್ಟೂ ಶಾಕಿಗೇ.

ಹೆವಿ ಡ್ಯೂಟಿ ಬೇಡವೆಂದದ್ದಕ್ಕೆ ಇನ್ನೊಂದು ಕಾರಣ ನಿಮ್ಮ ರಸ್ತೆ. ಕಲ್ಲು ಹಾಸಿದ ದಾರಿಯಲ್ಲಿ ಪೆಟ್ಟಿನ ಮೇಲೆ ಪೆಟ್ಟು. ರಿಬೌಂಡ್, ಅಂದರೆ ಒತ್ತಿದ ಶಾಕ್ ಮತ್ತೆ ತೆರೆದುಕೊಳ್ಳುವುದು, ಬಿಗಿಯಿದ್ದರೆ ಚಕ್ರ ಕೆಳಗಿಳಿಯುವಷ್ಟರಲ್ಲಿ ಮುಂದಿನ ಕಲ್ಲು ಬಂದಿರುತ್ತದೆ. ಮೂತಿ ಇನ್ನೂ ಕುಸಿಯುತ್ತದೆ, ಮಳೆಗಾಲದ ಇಳಿಜಾರಿನಲ್ಲಿ ಹಿಡಿತವೂ ತಪ್ಪುತ್ತದೆ. ಸಾಧಾರಣ ಟ್ವಿನ್ ಟ್ಯೂಬ್ (ಒಂದರೊಳಗೊಂದು ಕೊಳವೆಯ) ಶಾಕ್ ಸಾಕು.

ಟ್ವಿನ್ ಟ್ಯೂಬನ್ನು ಕೂರಿಸುವ ಮೊದಲು ನೆಟ್ಟಗೆ ಹಿಡಿದು 4–5 ಸಲ ಪೂರ್ತಿ ಎಳೆದು ಒತ್ತಿ, ಗಾಳಿ ಹೋಗಲಿ. ನಟ್ಟುಗಳ ಕೊನೆಯ ಬಿಗಿ ಚಕ್ರ ನೆಲಕ್ಕೆ ಕೂತ ಮೇಲೆಯೇ. ಜೋತಾಡುವಾಗ ಬಿಗಿದರೆ ಬುಷ್ ತಿರುಚಿಕೊಂಡೇ ಇರುತ್ತದೆ. ಮರುದಿನ ಬಂಪ್ ಸ್ಟಾಪಿಗೆ ಮತ್ತೆ ಗ್ರೀಸ್ ಹಚ್ಚಿ ಅದೇ ಗುಂಡಿ ಹಾಯಿಸಿ. ಈ ಸಲ ಕಲೆ ಮೂಡಬೇಕು, ಸದ್ದು ಬರಬಾರದು.