ಗಂಡ ಕುಡುಕನೆಂದು ನೂರ್ ಜಹಾನಳಿಗೆ ಅಧಿಕಾರ ಸಿಕ್ಕಿತೇ?

ಪ್ರಶ್ನೆ: ಧಾರಾವಾಹಿಗಳಲ್ಲಿ ಮೊಘಲ್ ಬೇಗಮರಿಗೆ ಒಡವೆ ಹಾಕಿಕೊಂಡು ಪಿತೂರಿ ಮಾಡುವುದೇ ಕೆಲಸ. ಆದರೆ ನೂರ್ ಜಹಾನ್ ಹೆಸರಿನ ನಾಣ್ಯಗಳಿದ್ದವು ಎಂದು ಮಗಳ ಪಾಠದಲ್ಲಿ ಓದಿದೆ. ಜನಾನಾದೊಳಗಿನ ಹೆಣ್ಣಿಗೆ ಅಷ್ಟು ಅಧಿಕಾರ ಹೇಗೆ ಬಂತು? ಗಂಡ ಕುಡುಕ ಎಂಬ ಕಾರಣಕ್ಕೋ?
– ಓದುಗರೊಬ್ಬರು, ಧಾರವಾಡ

ಉತ್ತರ: ಅವಳ ಗಂಡ, ಮೊಘಲ್ ಬಾದಶಹ ಜಹಾಂಗೀರ್ ಕುಡಿಯುತ್ತಿದ್ದದ್ದು ನಿಜ. ದಿನಕ್ಕೆ ಇಪ್ಪತ್ತು ಬಟ್ಟಲಿನವರೆಗೂ ಹೋಗಿತ್ತೆಂದು ಅವನೇ ಬರೆದುಕೊಂಡಿದ್ದಾನೆ. ಆದರೆ ಕುಡುಕರ ಹೆಂಡಂದಿರಿಗೆಲ್ಲ ಟಂಕಸಾಲೆ ಸಿಗುವುದಿಲ್ಲವಲ್ಲ!

ಮೊದಲು ಜನಾನಾ, ಅಂದರೆ ಅರಮನೆಯ ಹೆಂಗಸರ ಅಂತಃಪುರ, ಹೇಗಿತ್ತೆಂದು ನೋಡಿ. ಅಕ್ಬರನ ಕಾಲದಲ್ಲೇ ಅದು ಲೆಕ್ಕಪತ್ರವಿದ್ದ ದೊಡ್ಡ ಇಲಾಖೆ. ಮೇಲ್ದರ್ಜೆಯ ಹೆಂಗಸರಿಗೆ ತಿಂಗಳಿಗೆ 1,028ರಿಂದ 1,610 ರೂಪಾಯಿ, ಕೆಳಗಿನ ಸೇವಕಿಯರಿಗೆ ಎರಡು ರೂಪಾಯಿಯೂ ಉಂಟು. ಒಳಗಿನ ಕಾವಲಿಗೆ ಹೆಂಗಸರು, ಹೊರಗೆ ಖೋಜಾಗಳು (ನಪುಂಸಕ ಕಾವಲುಗಾರರು), ಅದರಾಚೆ ರಜಪೂತರು. ಇಷ್ಟೆಲ್ಲದರ ನಡುವೆ ಇದ್ದವರು ಬರೀ ಸುಮ್ಮನೆ ಕೂತಿದ್ದರು ಎಂದುಕೊಳ್ಳುವುದು ಧಾರಾವಾಹಿಯವರ ಅನುಕೂಲ.

ಮೆಹರುನ್ನೀಸಾ (ನೂರ್ ಜಹಾನಳ ಮೊದಲ ಹೆಸರು) 1611ರಲ್ಲಿ ಜಹಾಂಗೀರನನ್ನು ಮದುವೆಯಾದಾಗ 34ರ ಪ್ರಾಯದ ವಿಧವೆ, ಒಬ್ಬ ಮಗಳ ತಾಯಿ. ಅಪ್ಪ ಇತಿಮಾದ್-ಉದ್-ದೌಲ, ಅಣ್ಣ ಆಸಫ್ ಖಾನ್ ಇಬ್ಬರೂ ದರ್ಬಾರಿನ ಮುಂದಿನ ಸಾಲಿನವರು. ಅವಳ ಬಲದ ಒಂದು ಕಾಲು ಇದು. ಇನ್ನೊಂದು, ನನ್ನ ಪ್ರಕಾರ ದೊಡ್ಡದು, ದುಡ್ಡು. ಜಹಗೀರುಗಳ ಉತ್ಪತ್ತಿ ಅವಳದೇ. ಪೂರ್ವದಿಂದ ಆಗ್ರಾಕ್ಕೆ ಬರುವ ಸರಕು ಯಮುನೆ ದಾಟುವ ಮೊದಲು, ಆಚೆ ದಡದ ಸಿಕಂದರಾದಲ್ಲಿ ಅವಳ ಅಧಿಕಾರಿಗಳಿಗೆ ಸುಂಕ ಕಟ್ಟಬೇಕಿತ್ತೆಂದು ಆಗ ಆಗ್ರಾದಲ್ಲಿದ್ದ ಡಚ್ ವ್ಯಾಪಾರಿಯೊಬ್ಬ ಬರೆದಿದ್ದಾನೆ. 1622ರಲ್ಲಿ ಅಪ್ಪ ತೀರಿಕೊಂಡ. ಆಸ್ತಿ, ಪರಿವಾರ, ಪದವಿಯ ಮರ್ಯಾದೆ ಎಲ್ಲವನ್ನೂ ಜಹಾಂಗೀರ್ ಸತ್ತವನ ಗಂಡುಮಕ್ಕಳಿಗೆ ಕೊಡದೆ ಇವಳಿಗೆ ಕೊಟ್ಟ. ಬಾದಶಹನ ನಗಾರಿ ಆದ ಮೇಲೆ ಇವಳ ನಗಾರಿ ಬಾರಿಸಬೇಕೆಂದು ಅಪ್ಪಣೆಯೂ ಆಯಿತು. ನಾಣ್ಯಗಳು ಬಂದದ್ದು ಇದರ ನಂತರ. ನೂರ್ ಜಹಾನ್ ಬಾದಶಹ ಬೇಗಮಳ ಹೆಸರಿನಿಂದ ಚಿನ್ನಕ್ಕೆ ನೂರು ಅಲಂಕಾರ ಬಂತು ಎಂಬ ಅರ್ಥದ ಫಾರಸಿ ದ್ವಿಪದಿ ಅವುಗಳ ಮೇಲಿದೆ.

ಪರದೆ? ಇತ್ತು. ಆದರೆ 1617ರಲ್ಲಿ ಆನೆಯ ಮೇಲಿನ ಅಂಬಾರಿಯೊಳಗಿಂದಲೇ ಆರು ಗುಂಡಿಗೆ ನಾಲ್ಕು ಹುಲಿ ಕೆಡವಿದಳು. ಹಿಗ್ಗಿದ ಗಂಡ ಲಕ್ಷ ರೂಪಾಯಿಯ ವಜ್ರದ ಬಳೆ ಕೊಟ್ಟು, ಸಾವಿರ ಅಶ್ರಫಿ (ಚಿನ್ನದ ನಾಣ್ಯ) ಸುರಿದ.

ಮಿತಿಯೂ ಅಷ್ಟೇ ಸ್ಪಷ್ಟ. ಆಳುವವನ ಹೆಸರು ಓದುವ ಶುಕ್ರವಾರದ ಮಸೀದಿಯ ಪ್ರವಚನ ಖುತ್ಬಾದಲ್ಲಿ ಅವಳ ಹೆಸರು ಓದಲಿಲ್ಲ. 1627ರಲ್ಲಿ ಜಹಾಂಗೀರ್ ಸತ್ತಾಗ ಪಟ್ಟದ ಜಗಳದಲ್ಲಿ ಅವಳು ತನ್ನ ಅಳಿಯ ಶಹರ್ಯಾರನ ಪರ ನಿಂತಳು, ಅಣ್ಣ ತನ್ನ ಅಳಿಯ ಶಹಜಹಾನನ ಪರ. ಅಣ್ಣ ಗೆದ್ದ. ಅವಳಿಗೆ ವರ್ಷಕ್ಕೆ ಎರಡು ಲಕ್ಷ ರೂಪಾಯಿ ನಿಗದಿಯಾಯಿತು. 1645ರಲ್ಲಿ ಲಾಹೋರಿನಲ್ಲಿ ತೀರಿಕೊಂಡಳು.

ಆಗ್ರಾಕ್ಕೆ ಹೋದರೆ ತಾಜ್ ಒಂದನ್ನೇ ನೋಡಿ ಬರಬೇಡಿ. ನದಿಯಾಚೆ ಅವಳು ಅಪ್ಪ ಅಮ್ಮನಿಗೆ ಕಟ್ಟಿಸಿದ ಗೋರಿಯಿದೆ, ಬಿಳಿ ಅಮೃತಶಿಲೆಯಲ್ಲಿ ಬಣ್ಣದ ಕಲ್ಲು ಕೂರಿಸಿದ್ದು. ತಾಜಿನ ಕೆಲಸ ಶುರುವಾಗುವ ಮೊದಲೇ ಅದು ಮುಗಿದಿತ್ತೆಂದು ಮಗಳಿಗೆ ಹೇಳಿ.